ಗೇರಿಲ್ಲದ ಟ್ರ್ಯಾಕ್ಟರ್

“ಹಣಮವ್ವಾ, ನಿನ್ನ ಗಂಡನ್ನ ಕೊಂದ ಗಾಡಿ ರಿಪೇರಿ ಆಗ್ಯಾದೋ ಇಲ್ಲೋ, ಮುಂದ ನಿಂತು ತೋರ್ಸು,” ಅಂತ ನಕ್ಕರು ಕಲ್ಲಿನ ಖಣಿ ಮಾಲಕರಾದ ಗೊಲ್ಲಾಳಪ್ಪ ಸಾಹುಕಾರರು.

ಎಪ್ಪತ್ತೆರಡನೇ ಇಸವಿಯಲ್ಲಿ, ಶಹಾಬಾದಿನ ಅವರ ತೋಟದಲ್ಲಿ ನಡೆದದ್ದಿದು. ಹುಲ್ಲು ಕೊಯ್ಯುವ ಹಳೆಯ ವಿಲಾಯತಿ ಟ್ರ್ಯಾಕ್ಟರ್. ಗೇರಿಲ್ಲ, ಲಿವರ್ ಸರಿಸಿದರೆ ಎಣ್ಣೆಯ ಒತ್ತಡದಿಂದಲೇ ಗಾಲಿ ತಿರುಗುತ್ತದೆ, ನಡುವೆ ನ್ಯೂಟ್ರಲ್‌ಗೆ ತಂದರೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿದ್ದಾಗಲೇ ತಾನಾಗಿ ಮುಂದೆ ಸರಿದು ಮಾಲಿ ರಾಮಲಿಂಗನನ್ನು ಕಲ್ಲುಗೋಡೆಗೆ ಒತ್ತಿಬಿಟ್ಟಿತ್ತು. ಅವನ ಕೆಲಸ ಈಗ ಹೆಂಡತಿ ಹಣಮವ್ವನಿಗೆ.

ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ನಾನು. ಲಿವರ್ ಸರಿಮಾಡಿ, ಹಿಂದಿನ ಗಾಲಿಗಳನ್ನು ಜಾಕ್ ಮೇಲೆತ್ತಿ, ಒಂದು ತಾಸು ಇಂಜಿನ್ ಓಡಿಸಿದ್ದೆ. ಗಾಲಿ ಅಲ್ಲಾಡಿರಲಿಲ್ಲ.

ಹಣಮವ್ವ ಮುಂದೆ ನಿಂತಳು. ಇನ್ನೂ ಜಾಕ್ ಮೇಲೇ ಇದ್ದ ಗಾಲಿ ಮೆಲ್ಲಗೆ ತಿರುಗತೊಡಗಿತು. ವಾಲ್ವ್ ಬಿಚ್ಚಿ ಒತ್ತಡ ಪೂರ್ತಿ ಇಳಿಸಿದೆ, ನಿಲ್ಲಲಿಲ್ಲ. ಇಂಜಿನ್ ಬಂದ್ ಮಾಡಿದೆ, ಆಗಲೂ ನಿಲ್ಲಲಿಲ್ಲ. ಆ ಬೇಸಿಗೆ ಮಧ್ಯಾಹ್ನ ನನ್ನ ಕೈಗೆ ಹರಿದ ಎಣ್ಣೆ ಬಾವಿ ನೀರಿನಷ್ಟು ತಣ್ಣಗಿತ್ತು.

“ಜಾಕ್ ಜಾರೀತು, ಸರದು ನಿಂದ್ರವ್ವಾ!” ಅಂದೆ.

“ಸರದರ ನಾಳಿಂದ ಕೆಲಸಕ್ಕ ಬರಬ್ಯಾಡ,” ಅಂದರು ಸಾಹುಕಾರರು.

“ನಿಂದ್ರತೀನ್ರಿ. ಮನ್ಯಾಗ ಮೂರು ಕೂಸದಾವ,” ಅಂದಳು. ಆಮೇಲೆ ಟ್ರ್ಯಾಕ್ಟರಿನ ಕಡೆ ಬಾಗಿ, ಗಂಡನ ಜೊತೆ ಮಾತಾಡುವ ದನಿಯಲ್ಲಿ, “ಸಾಕ್ರೀ, ನಾನದೀನಿ,” ಅಂದಳು.

ಗಾಲಿ ನಿಂತಿತು.

“ಸರಿ ಆಗ್ಯಾದ ನೋಡು! ನಾಳಿಂದ ನೀನ ಕುಂತು ಓಡ್ಸು,” ಅಂದರು ಸಾಹುಕಾರರು ಅವಳಿಗೆ.

ಯಾರೂ ಕೂತಿರದ ಸೀಟು ಕಿರ್ರನೆ ಎರಡು ಬೆರಳಷ್ಟು ಕುಸಿದು, ಹಾಗೇ ಉಳಿಯಿತು.