ಗುಡ್ಡಕ್ಕೆ ಕೊಟ್ಟ ಕಲ್ಲು

ಏಡಿಯಂತ್ರ ಎಂಟು ಕಾಲೂರಿ ಬಂಡೆ ಹತ್ತುತ್ತಿತ್ತು. ಹೆಜ್ಜೆಗೊಮ್ಮೆ ನಿಂತು, ಹೊಟ್ಟೆಯಡಿಯ ಕುಂಚದಿಂದ ಬೂದುಹಸಿರಿನ ಗಂಜಿಯನ್ನು ಕಲ್ಲಿಗೆ ಬಳಿದು, ಮತ್ತೆ ಮೇಲಕ್ಕೆ ಸರಿಯುತ್ತಿತ್ತು. ಕರಡಿಗುಡ್ಡದ ನೆತ್ತಿಯಲ್ಲಿ ಕುಳಿತಿದ್ದ ಸಸ್ಯವಿಜ್ಞಾನಿ ವಾರಿಜಾಗೆ ಇಂದು ಅದನ್ನು ನೋಡುವ ಉತ್ಸಾಹವಿರಲಿಲ್ಲ.

ಯಂತ್ರ ಬಳಿಯುತ್ತಿದ್ದುದು ಅವಳೇ ರೂಪಿಸಿದ ಮಣ್ಣುಹೂವು. ಸಾರಿನ ಪುಡಿಗೆ ಹಾಕುವ ಕಲ್ಲುಹೂವಿನ ಹತ್ತಿರದ ನಂಟಿನದು; ಪ್ರಯೋಗಾಲಯದಲ್ಲಿ ಅದರ ಹಸಿವನ್ನು ಹೆಚ್ಚಿಸಿದ್ದಳು, ಅಷ್ಟೆ. ಕಲ್ಲುಹೂವು ಬಂಡೆಯನ್ನು ಕರಗಿಸಿ ಬೊಗಸೆ ಮಣ್ಣು ಮಾಡಲು ಸಾವಿರಾರು ವರ್ಷ ಬೇಕು. ಮಣ್ಣುಹೂವಿಗೆ ಒಂದು ಮಳೆಗಾಲ ಸಾಕು. ಮೂವತ್ತಾರು ಬೋಳುಗುಡ್ಡಗಳ ಆ ಸಾಲಿನಲ್ಲಿ ಹಿಂದೆ ಕಳ್ಳಿ, ಮಂಗರವಳ್ಳಿ, ಬಿರುಕುಗಳಲ್ಲಿ ಬೇರಿಳಿಸಿದ ಮಾಕಳಿ ಬಳ್ಳಿ ಬಿಟ್ಟರೆ ಹೆಚ್ಚೇನೂ ಬದುಕುತ್ತಿರಲಿಲ್ಲ. ಈಗ ಕರಡಿಗುಡ್ಡದ ಮೇಲೆ ಮೂರೇ ವರ್ಷಕ್ಕೆ ದಿಂಡುಗದ ಗಿಡಗಳು ಎದೆಯುದ್ದ ನಿಂತಿದ್ದವು.

ಮಣ್ಣುಹೂವು ಗಾಳಿಯಲ್ಲಿ ಹಾರದು, ತೆವಳಿಯೇ ಹರಡಬೇಕು. ತಾಮ್ರ ತಾಗಿದರೆ ಸಾಯುತ್ತದೆ. ಅದಕ್ಕೇ ಗುಡ್ಡದ ಸುತ್ತ ತಾಮ್ರದ ಪಟ್ಟಿ ಹಾಯಿಸಿದ್ದರು. ಅದು ಪಟ್ಟಿ ದಾಟಲಾರದೆಂದು ವರದಿ ಬರೆದವಳೂ ವಾರಿಜಾಳೇ.

ಇಂದು ಬೆಳಿಗ್ಗೆ ಬಂದ ಉಪಗ್ರಹ ಚಿತ್ರದಲ್ಲಿ ಇನ್ನೂ ಏಳು ಗುಡ್ಡಗಳ ಮೇಲೆ ಅದೇ ಬೂದುಹಸಿರಿತ್ತು. ಅವುಗಳಲ್ಲೊಂದು ಕುಂಬಳಗುಂಡು. ಅದರ ತುದಿಯಲ್ಲಿ ಮನೆಯಷ್ಟು ದೊಡ್ಡ ಬಂಡೆಯೊಂದು ಎರಡು ಸಣ್ಣ ಕಾಲ್ಗಲ್ಲುಗಳ ಮೇಲೆ ಕುಳಿತಿತ್ತು. ಅದರ ನೇರ ಕೆಳಗೆ ನಲವತ್ತು ಮನೆಗಳ ಕೇರಿ.

"ಮಾರಿ ಯಾಕ ಬಾಡೇತಿ, ಡಾಕ್ಟರಮ್ಮ? ಮುಂಜಾನಿಂದ ಏಡಿಗೆ ಉಣಿಸಾಕತ್ತೀದಿ, ನಿನ್ನ ಹೊಟ್ಟಿಗೆ ಯಾರು ಹಾಕವ್ರು?"

ಉಪ್ಪಿನಕಾಯಿಗೆ ಮಾಕಳಿ ಬೇರು ಕಿತ್ತು ಮಾರುವ ಹುಲಿಗೆವ್ವ ಏದುಸಿರು ಬಿಡುತ್ತ ಬಂದಿದ್ದಳು. ಮೂರು ವರ್ಷದಿಂದಲೂ ಅವಳು ತನ್ನ ರೊಟ್ಟಿಯನ್ನು ಮುರಿದು ದೊಡ್ಡ ತುಂಡನ್ನೇ ವಾರಿಜಾಗೆ ಕೊಡುತ್ತಿದ್ದಳು. ಇಂದೂ ಕೊಟ್ಟಳು. ಆಮೇಲೆ ಒಂದು ಬಿರುಕಿನ ಬಳಿ ಕೂತು, ಮಾಕಳಿಯ ಬೇರನ್ನು ಅರ್ಧ ಕಿತ್ತು ಅರ್ಧ ಬಿಟ್ಟು, ಉಡಿಯಿಂದ ಕಲ್ಲಿನ ಚಕ್ಕೆಯೊಂದನ್ನು ತೆಗೆದು ಬಿರುಕಿಗೆ ತುರುಕಿದಳು.

"ಅದೇನದು, ಹುಲಿಗೆವ್ವ?"

"ಗುಡ್ಡದ ಹೊಟ್ಟಿ ಖಾಲಿ ಬಿಡಬಾರದವ್ವಾ. ಬೇರು ತಗೊಂಡ್ರ ಬ್ಯಾರೆ ಗುಡ್ಡದ ಕಲ್ಲು ಕೊಡಬೇಕು. ನಮ್ಮವ್ವ, ಅವರವ್ವ ಎಲ್ಲಾರೂ ಕೊಟ್ಟಾರ." ಹಾಗೆನ್ನುತ್ತ ಅವಳು ಅಲ್ಲೇ ಬಿದ್ದಿದ್ದ ಎರಡು ಹಸಿರು ಚಕ್ಕೆಗಳನ್ನು ಆರಿಸಿ ಉಡಿಗೆ ಹಾಕಿಕೊಂಡಳು.

ವಾರಿಜಾಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಅವು ಎಲ್ಲಿಗೆ?"

"ಬ್ಯಾರೆ ಗುಡ್ಡಗಳಿಗೆ. ಮೊದಲ ಯಾವ ಕಲ್ಲಾದ್ರೂ ನಡೀತಿತ್ತು. ಈಗ ಬರೇ ನಿನ್ನ ಗುಡ್ಡದ್ದ. ಇಟ್ಟಲ್ಲಿ ಸಸಿ ಹೆಂಗ ಏಳ್ತಾವ ಅಂತಿ! ನಮ್ಮ ಹೆಣ್ಮಕ್ಕಳಿಗೂ ಹಂಚೀನಿ. ನಿನ್ನ ಪುಣ್ಯ ಎಲ್ಲಾ ಗುಡ್ಡಕ್ಕೂ ಮುಟ್ಟಲಿ ಅಂತ."

"ಕುಂಬಳಗುಂಡಿನಲ್ಲಿ ಎಲ್ಲಿ ಇಟ್ಟೆ?"

"ಗುಂಡಿನ ಬುಡಕ್ಕ, ಕಾಲ್ಗಲ್ಲಿನ ಸಂದ್ಯಾಗ. ಮಾಕಳಿ ಬರೂದ ಅಲ್ಲಿ."

ವಾರಿಜಾ ಒಬ್ಬಳೇ ಜೀಪಿನಲ್ಲಿ ಕುಂಬಳಗುಂಡಿಗೆ ಧಾವಿಸಿದಳು. ಕಾಲ್ಗಲ್ಲಿನ ಸುತ್ತ ಮಾಕಳಿ ದಟ್ಟವಾಗಿ ಹಬ್ಬಿತ್ತು. ಬಳ್ಳಿ ಸರಿಸಿ ಸುತ್ತಿಗೆಯಿಂದ ತಟ್ಟಿದಳು. ಗಟ್ಟಿ ಕಲ್ಲು ಕಂಚಿನಂತೆ ಸದ್ದು ಮಾಡುತ್ತದೆ. ಇದು ಹಸಿ ಮಡಕೆಯಂತೆ ಮೆತ್ತಗೆ 'ಧಪ್' ಎಂದಿತು. ಇನ್ನೊಮ್ಮೆ ತಟ್ಟಿದಾಗ ಸುತ್ತಿಗೆಯ ಮೂತಿ ಒಳಗೇ ಇಳಿಯಿತು.

ಅವಳು ಕರೆಸಿದ ಅಧಿಕಾರಿಗಳು ಮಧ್ಯಾಹ್ನದೊಳಗೆ ಬಂಡೆಯ ಕೆಳಗಿನ ಕೇರಿಯನ್ನು ತೆರವು ಮಾಡಿಸಿದರು. ಅಷ್ಟರಲ್ಲಿ ಆ ಕೇರಿಯ ತನ್ನ ಮನೆಗೆ ಮರಳಿದ್ದ ಹುಲಿಗೆವ್ವ ತನ್ನ ಗಂಟನ್ನು ದಾರಿಯಲ್ಲೇ ಬಿಟ್ಟು, ನಡೆಯಲಾರದ ನೆರೆಮನೆಯ ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡು ಬಂದಳು.

"ಇದು ಯಾರ ಮಾಡಿದ್ದವ್ವಾ?" ಯಾರೋ ಸಿಟ್ಟಿನಿಂದ ಕೇಳಿದರು.

"ನಾನು," ಎಂದಳು ವಾರಿಜಾ.

"ಸುಮ್ಮನಿರ ತಂಗಿ! ಗುಡ್ಡಕ್ಕ ಹಸಿರು ಸೀರಿ ಉಡಿಸಿದಾಕಿ ನೀನು," ಎಂದು ಗದರಿದ ಹುಲಿಗೆವ್ವ ಉಡಿಯಿಂದ ಚಕ್ಕೆಯೊಂದನ್ನು ತೆಗೆದು ದಾರಿಬದಿಯ ಬಂಡೆಯತ್ತ ನಡೆದಳು. "ನಮ್ಮ ಮನಿ ಖಾಲಿಯಾದ್ರೂ ಗುಡ್ಡ ಖಾಲಿಯಾಗಬಾರದು."

ವಾರಿಜಾ ಅಡ್ಡ ಹೋಗಿ ಆ ಚಕ್ಕೆಯನ್ನು ತನ್ನ ಮುಷ್ಟಿಯೊಳಗೆ ಇರಿಸಿಕೊಂಡಳು. "ಇದನ್ನ ನನಗೆ ಕೊಡು. ಉಳಿದದ್ದನ್ನೂ." ಕಾರಣ ಬಾಯಿಯವರೆಗೆ ಬಂದು ಹಿಂದಕ್ಕೆ ಹೋಯಿತು. ನಾಳೆ ಹೇಳಲೇಬೇಕಿತ್ತು. ಇವತ್ತು ಆ ಮುಖಕ್ಕೆ ಹೇಳಲಾಗಲಿಲ್ಲ.

"ಎಷ್ಟು ಮಂದಿಗೆ ಹಂಚಿದೆ, ಹುಲಿಗೆವ್ವ?"

ಹುಲಿಗೆವ್ವನ ಮುಖ ಅರಳಿತು. "ಗಾಳೆವ್ವ, ಬಸಲಿಂಗವ್ವ, ದುರ್ಗದಾಕಿ ಸಣ್ಣೀರವ್ವ..." ಒಂದೊಂದೇ ಬೆರಳು ಮಡಿಚಿದಳು. ಎರಡೂ ಕೈ ಮುಗಿದವು. ಹೆಸರುಗಳು ಮುಗಿಯಲಿಲ್ಲ. ತನ್ನ ಬೆರಳು ಸಾಲದೆ, ಮುಂದಿನವರನ್ನು ಎಣಿಸಲು ನಗುತ್ತ ವಾರಿಜಾಳ ಕೈ ಹಿಡಿದು ಮುಷ್ಟಿ ಬಿಡಿಸಿದಳು.

ಒಳಗೆ ಕಲ್ಲಿರಲಿಲ್ಲ. ಬಿತ್ತಲು ಹೇಳಿಮಾಡಿಸಿದಂಥ, ತಂಪಾದ, ಕರಿಯ ಮಣ್ಣಿತ್ತು.