ಆಯಿಲ್ ಫಿಲ್ಟರ್ ಮೇಲೆ ಬಂದ ದಿನ

ಏಳು ತಿಂಗಳ ಮೇಲೆ ಆ ಹಳೇ ಕಾರು ಮತ್ತೆ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ಮೆಕ್ಯಾನಿಕ್ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಯಾವಾಗಲೂ ಪಕ್ಕದ ಸೀಟಿನಿಂದ ಇಳಿಯುತ್ತಿದ್ದವಳು ಇವತ್ತು ಸ್ಟಿಯರಿಂಗ್ ಬಿಟ್ಟು ಇಳಿದಳು. ಅಪ್ಪನಿಲ್ಲದೆ ಅವಳು ಇಲ್ಲಿಗೆ ಬಂದದ್ದು ಇದೇ ಮೊದಲು.

"ಅಮ್ಮ ಇದನ್ನ ಗುಜರಿಗೆ ಹಾಕು ಅಂತಾರೆ," ಅಂದಳು. "ನನಗೆ ಮನಸ್ಸಿಲ್ಲ. ಆದ್ರೆ ಇನ್ನು ಇದರ ಕೆಳಗೆ ಯಾರೂ ಮಲಗಬಾರದು. ಅಪ್ಪ ಕೇಳಿದ್ರಲ್ಲ, ಹಾಗೆ ಫಿಲ್ಟರ್ ಮೇಲಕ್ಕೆ ತಂದುಕೊಡಿ ಮೇಸ್ತ್ರಿ."

"ಆಯ್ತು ಮೇಡಂ," ಅಂದ.

ಆ ಎಂಜಿನ್ ಮಾಡಿದ ಪುಣ್ಯಾತ್ಮ ಯಾರೋ, ಆಯಿಲ್ ಫಿಲ್ಟರನ್ನು ಬುಡದಲ್ಲಿ, ಸೈಲೆನ್ಸರ್ ಪೈಪಿನ ಹಿಂದೆ ಸಿಕ್ಕಿಸಿಟ್ಟಿದ್ದ. ಬದಲಿಸಬೇಕೆಂದರೆ ಕಾರಿನ ಕೆಳಗೆ ಅಂಗಾತ ಮಲಗಿ, ಕಪ್ಪು ಎಣ್ಣೆಯನ್ನು ಮುಖಕ್ಕೆ ಸುರಿಸಿಕೊಳ್ಳಬೇಕು. ಗ್ಯಾರೇಜಿನಲ್ಲಿ ಇಳಿದು ನಿಲ್ಲಲು ಗುಂಡಿಯಿದೆ. ಅವರ ಮನೆಯಲ್ಲಿ ಇದ್ದದ್ದು ಒಂದು ಜಾಕ್ ಮಾತ್ರ. ಒಂದು ಭಾನುವಾರ ಬೆಳಿಗ್ಗೆ ಅವಳಪ್ಪ ತಾವೇ ಬದಲಿಸಲು ಹೋದರು. ಜಾಕ್ ಜಾರಿತು.

ಅದಕ್ಕೆ ಮುಂಚೆ ಎರಡು ತಿಂಗಳಿಗೊಮ್ಮೆ ಅಪ್ಪ ಮಗಳು ಇಲ್ಲಿಗೇ ಬರುತ್ತಿದ್ದರು. ಅವಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಕೈಯಲ್ಲಿ ಪುಸ್ತಕ ಇರಲೇಬೇಕು. ಟೈರುಗಳ ಪಕ್ಕದ ಸ್ಟೂಲಿನ ಮೇಲೆ ಕೂತು ಓದುವಳು. ಗುಂಡಿಯೊಳಗಿನಿಂದ ಅವನಿಗೆ ಕಾಣುತ್ತಿದ್ದದ್ದು ಅವಳ ಚಪ್ಪಲಿ ಮತ್ತು ಸೀರೆಯ ಅಂಚು. ತಲೆ ಎತ್ತಿದರೆ ಪುಸ್ತಕದ ಮೇಲಂಚಿನಲ್ಲಿ ಎರಡು ಕಣ್ಣು. ಇವನು ನೋಡಿದೊಡನೆ ಆ ಕಣ್ಣು ಸರಕ್ಕನೆ ಅಕ್ಷರಕ್ಕಿಳಿಯುವುದು.

"ಏನೇ, ಆ ಪುಸ್ತಕದಲ್ಲಿ ಒಂದೇ ಪುಟ ಇದೆಯಾ?" ಎಂದು ಅಪ್ಪ ಕೇಳುತ್ತಿದ್ದರು.

"ಕಷ್ಟದ ಪುಸ್ತಕ ಅಪ್ಪ," ಅನ್ನುವಳು. ಗುಂಡಿಯೊಳಗೆ ಇವನು ಸ್ಪ್ಯಾನರ್ ಕಚ್ಚಿಕೊಂಡು ನಗು ತಡೆಯುವನು.

ಇವತ್ತು ಪುಸ್ತಕ ಇರಲಿಲ್ಲ. ಅವಳು ಟಾರ್ಚ್ ಹಿಡಿದು ನಿಂತಳು. ಅವನು ಗುಂಡಿಗಿಳಿದು ಹಳೇ ಫಿಲ್ಟರ್ ಬಿಚ್ಚಿದ, ಮೇಲೆ ಬಂದು ಡ್ರಾಯರ್ ಎಳೆದು ಅಂಗೈಯಗಲದ ಅಲ್ಯೂಮಿನಿಯಂ ಪ್ಲೇಟು ತೆಗೆದ. ಫಿಲ್ಟರ್ ಇದ್ದ ಜಾಗಕ್ಕೆ ಈ ಪ್ಲೇಟು. ಅದರಿಂದ ಎರಡು ಹೋಸ್ ಪೈಪು, ಒಂದು ಎಣ್ಣೆ ಹೋಗಲು, ಒಂದು ವಾಪಸ್ ಬರಲು. ಬಾನೆಟ್ ಎತ್ತಿದರೆ ಸಾಕು, ಹೊಸ ಫಿಲ್ಟರ್ ಕೈಗೆ ಸಿಗುತ್ತದೆ.

ಟಾರ್ಚಿನ ಬೆಳಕು ಪ್ಲೇಟಿನ ಮೇಲೆ ನಿಂತಿತು.

"ಇದು ಹೊಸದಲ್ಲ," ಅಂದಳು. "ಮೂಲೆಯಲ್ಲೆಲ್ಲ ಧೂಳು ಗಟ್ಟಿಯಾಗಿದೆ. ಯಾವಾಗ ಮಾಡಿಸಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಹೆಬ್ಬೆರಳು ಆ ಧೂಳನ್ನು ಒರೆಸತೊಡಗಿತ್ತು. ಸುಳ್ಳು ಹೇಳಬಹುದಿತ್ತು. ಹೇಳಿದರೆ ಅವಳು ನಂಬುತ್ತಿದ್ದಳು ಕೂಡ. ಆದರೆ ಏಳು ತಿಂಗಳಿಂದ ಬಿಸಿತುಪ್ಪದ ಹಾಗೆ ನುಂಗಲಾರದೆ ಉಗುಳಲಾರದೆ ಅವನಿಗೆ ಸಾಕಾಗಿತ್ತು.

"ಹೋದ ವರ್ಷ. ಸಾರ್ ಕೇಳಿದ ವಾರದಲ್ಲೇ."

"ಪ್ಲೇಟು ಮಾಡೋ ಲೇತ್‌ನವರು ಇನ್ನೂ ಕೊಟ್ಟಿಲ್ಲ ಅಂತಿದ್ರಿ. ಮೂರು ಸಲ ಅಂದ್ರಿ."

"ನಾಲ್ಕು ಸಲ."

"ಯಾಕೆ?"

"ಇದನ್ನ ಹಾಕಿದ್ರೆ ಸಾರ್ ಮನೇಲೇ ಫಿಲ್ಟರ್ ಬದಲಾಯಿಸ್ಕೋತಿದ್ರು. ಆಮೇಲೆ ನೀವು ಇಲ್ಲಿಗೆ ಬರ್ತಿರಲಿಲ್ಲ."

ಅವಳು ಟಾರ್ಚ್ ಆರಿಸಿದಳು. ಹೋಗಿ ಸ್ಟೂಲಿನ ಮೇಲೆ ಕೂತಳು. ಹೊಡೆದರೆ ಹೊಡೆಸಿಕೊಳ್ಳೋಣ, ಪೊಲೀಸರಿಗೆ ಹೇಳಿದರೆ ಹೇಳಲಿ ಎಂದು ಅವನು ಪ್ಲೇಟು ಹಿಡಿದೇ ನಿಂತಿದ್ದ.

"ಹಿಂದಿನ ದಿನ ಶನಿವಾರ," ಅಂದಳು ಕೊನೆಗೆ, ನೆಲ ನೋಡುತ್ತಾ. "ಈ ಮೇಸ್ತ್ರಿ ಕೈಲಿ ಆಗೋ ಮಾತಲ್ಲ, ಬೇರೆ ಗ್ಯಾರೇಜಿಗೆ ಹೋಗೋಣ ಅಂದ್ರು ಅಪ್ಪ. ನಾನೇ ಬೇಡ ಅಂದೆ. ಅವರಷ್ಟು ಚೆನ್ನಾಗಿ ಯಾರು ಮಾಡ್ತಾರೆ ಅಂತ ಜಗಳ ಆಡಿದೆ. ಸರಿ ಮಾರಾಯ್ತಿ, ಈ ಸಲ ನಾನೇ ಮಾಡ್ಕೋತೀನಿ ಅಂದ್ರು."

ಅವನು ಪ್ಲೇಟು ಕೆಳಗಿಟ್ಟ.

"ಓದೋಕೆ ನನಗೆ ಇಡೀ ಲೈಬ್ರರಿ ಇತ್ತಲ್ಲ ಮೇಸ್ತ್ರಿ. ಇಲ್ಲಿಗ್ಯಾಕೆ ಬರ್ತಿದ್ದೆ?"

ಎರಡು ವರ್ಷ ಅವನು ಕಾದದ್ದು ಈ ಮಾತಿಗೇ. ಬಂತು, ಆದರೆ ಅಪ್ಪನ ಸಾವನ್ನು ಜೊತೆಗೆ ಕರೆದುಕೊಂಡು ಬಂತು. ಖುಷಿಪಡಲು ಇಬ್ಬರಿಗೂ ಧೈರ್ಯವಿರಲಿಲ್ಲ. ಇಬ್ಬರೂ ಅತ್ತರು, ಅವಳು ಗೋಡೆಯ ಕಡೆ ನೋಡಿಕೊಂಡು, ಇವನು ಎಂಜಿನ್ನಿನ ಕಡೆ.

ಆಮೇಲೆ ಮಾಡುವುದಕ್ಕೆ ಇದ್ದದ್ದು ಕೆಲಸವೊಂದೇ. ಅವನು ಪ್ಲೇಟು ಕೂರಿಸಿದ, ಹೋಸುಗಳನ್ನು ಬಿಗಿದ. ಎರಡೂ ಅದಲುಬದಲಾದರೆ ಎಣ್ಣೆ ನಿಂತು ಎಂಜಿನ್ ಸುಟ್ಟುಹೋಗುತ್ತದೆ. ಮೂರು ಸಲ ಬೆರಳಿಟ್ಟು ನೋಡಿದ. ಫಿಲ್ಟರಿಗೆ ಎಣ್ಣೆ ತುಂಬಿ ಅವಳ ಕೈಗೇ ಕೊಟ್ಟ.

"ನೀವೇ ಹಾಕಿ. ರಬ್ಬರ್ ತಾಗೋವರೆಗೆ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಜೋರು ಬೇಡ."

ಅವಳು ತಿರುಗಿಸಿದಳು. ಎಣ್ಣೆಯಾದ ಬೆರಳುಗಳು ಅವನ ಬೆರಳಿಗೆ ತಾಗಿದವು. ಯಾರೂ ಕೈ ಹಿಂದಕ್ಕೆ ತೆಗೆಯಲಿಲ್ಲ, ಯಾರೂ ಹಿಡಿಯಲೂ ಇಲ್ಲ.

ಎಂಜಿನ್ ಸ್ಟಾರ್ಟ್ ಆಯಿತು. ಎಣ್ಣೆಯ ಪ್ರೆಶರ್ ತೋರಿಸುವ ಮುಳ್ಳು ಸೊನ್ನೆಯಲ್ಲೇ ಕೂತಿತ್ತು. ಮುಳ್ಳು ಒಮ್ಮೆ ಅದುರಿ ನಿಧಾನವಾಗಿ ಮೇಲೇರಿತು. ಹೋಸಿನ ಬುಡದಲ್ಲಿ ಒಂದು ಹನಿಯೂ ಜಿನುಗಲಿಲ್ಲ.

"ಇನ್ನು ಇದಕ್ಕಾಗಿ ನೀವು ಬರಬೇಕಾಗಿಲ್ಲ ಮೇಡಂ," ಅಂದ. ಆ ದಿನ ಮಾಡಿದ ಕೆಲಸದಲ್ಲೆಲ್ಲ ಕಷ್ಟದ್ದು ಅದೇ.

"ಗೊತ್ತು." ಅವಳು ಸ್ಟಿಯರಿಂಗ್ ಹಿಡಿದು ಕೂತಳು. "ಮನೇಲಿ ಅಮ್ಮನ ಮುಖ ನೋಡಬೇಕು ನಾನು. ನಿಮ್ಮದನ್ನೂ ನೋಡೋಕಾಗುತ್ತಾ ಅಂತ ಇವತ್ತು ಹೇಳಲಾರೆ."

"ಕಾಯ್ತೀನಿ ಅನ್ನೋ ಯೋಗ್ಯತೆ ನನಗಿಲ್ಲ."

ಅವಳು ಗೇರ್ ಹಾಕಿದಳು. ಕಾರು ಒಂದು ಮಾರು ಮುಂದೆ ಹೋಗಿ ನಿಂತಿತು. ಕಿಟಕಿಯಿಂದ ಅವಳು ತಿರುಗಿ ನೋಡಿದಳು, ಈ ಸಲ ಕಣ್ಣು ತಪ್ಪಿಸಲಿಲ್ಲ.

"ಅನ್ನಬೇಡಿ," ಅಂದಳು. "ಕಾಯಿರಿ."