ನೀಲಿ ಆನೆ ಮಾಯ

"ಅತ್ತೇ! ಆನೆ ಇಲ್ಲ!"

ಕೂಗಿಗೆ ಅತ್ತೆ ಕಾಫಿ ಬಿಟ್ಟು ಓಡಿ ಬಂದರು. ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾಗಿದ್ದರೂ ಕಾಲಿನ ಚುರುಕು ಹೋಗಿರಲಿಲ್ಲ.

ಸೊಸೆ ಹಲ್ಲಿನ ಡಾಕ್ಟರು. ಹಳೆಯ ಕಾರ್ಟೂನ್ ಸಿನಿಮಾಗಳಿಗಾಗಿ ಪಾರದರ್ಶಕ ಹಾಳೆಯ ಮೇಲೆ ಕೈಯಲ್ಲೇ ಬರೆದ ಮೂಲ ಚಿತ್ರಗಳನ್ನು ಕೂಡಿಸುವುದು ಅವಳ ಹುಚ್ಚು. ಅದರಲ್ಲೂ ಛತ್ರಿ ಹಿಡಿದ ನೀಲಿ ಆನೆಯೆಂದರೆ ಪ್ರಾಣ. ಅದಕ್ಕೆ ಬಣ್ಣ ತುಂಬಿದವರು ಅವಳ ದೊಡ್ಡಮ್ಮ. ಸ್ಟುಡಿಯೋ ಮುಚ್ಚಿದಾಗ ಅವರ ಕೆಲಸವೆಲ್ಲ ಕಸಕ್ಕೆ ಹೋಗಿತ್ತು. ಉಳಿದದ್ದು ಇದೊಂದೇ. ಅದನ್ನು ನೋಡಲು ದೊಡ್ಡಮ್ಮ ಇವತ್ತೇ ಸಂಜೆ ಬರುವವರಿದ್ದರು.

"ಅವರಿಗೆ ಯಾವ ಮುಖ ತೋರಿಸ್ಲಿ?" ಸೊಸೆಯ ಕಣ್ಣು ತುಂಬಿತು.

"ಅಳು ಆಮೇಲೆ. ಏನನ್ನೂ ಮುಟ್ಬೇಡ."

ಖಾಲಿ ಫ್ರೇಮು ಮೇಜಿನ ಮೇಲಿತ್ತು. ಗಾಜು ಫಳಫಳ ಹೊಳೆಯುತ್ತಿತ್ತು. ಬಿಚ್ಚಿದ ಮೊಳೆಗಳು ಬಟ್ಟಲಲ್ಲಿ ಜೋಪಾನವಾಗಿದ್ದವು.

"ಕದ್ದಿದ್ದು ಇದಕ್ಕೆ ಫ್ರೇಮ್ ಹಾಕಿಕೊಟ್ಟ ಅಂಗಡಿಯವನೇ ಅಮ್ಮಾ," ಎಂದ ಅತ್ತೆಯ ಮಗ, ಯಾರೂ ಕೇಳದೆಯೇ. "ಅವನಿಗೆ ಮೊದಲಿಂದ್ಲೂ ಆನೆ ಮೇಲೆ ಕಣ್ಣು."

*

ಅಂಗಡಿಯವನು ಕೆಂಡವಾದ. "ಮಾರ್ತೀರಾ ಅಂತ ಕೇಳಿದ್ದು ನಿಜ ಮೇಡಂ. ಕದಿಯೋದಾದ್ರೆ ಫ್ರೇಮ್ ಸಮೇತ ಎತ್ತಲ್ವಾ? ಆ ಹಾಳೇಲಿ ಗೆರೆ ಮುಂದೆ, ಬಣ್ಣ ಹಿಂದೆ. ಬಣ್ಣಕ್ಕೆ ಬೆರಳು ತಾಗಿದ್ರೂ ಕೆಟ್ಟುಹೋಗುತ್ತೆ!"

ಅತ್ತೆಗೆ ಥಟ್ಟನೆ ಏನೋ ಹೊಳೆಯಿತು. ನೆಟ್ಟಗೆ ಮನೆಗೆ ಬಂದು ಅಡುಗೆಮನೆಯ ಸಿಂಕಿಗೆ ಬಗ್ಗಿದರು. ಜಾಲರಿಯ ಸುತ್ತ ನೀಲಿ ಕರೆ.

*

"ಕಳ್ಳ ನೀನೇ ಕಣೋ."

ಮಗ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಮೊಳೆ ಬಟ್ಟಲಿಗೆ ಹಾಕಿಡೋ ಕಳ್ಳನ್ನ ನನ್ನ ಸರ್ವಿಸಲ್ಲೇ ನೋಡಿಲ್ಲ. ಅದೇ ಮೊಳೆ ಮತ್ತೆ ಹೊಡೆಯೋ ಯೋಚನೆ ಇದ್ದೋನು ಮಾಡೋ ಕೆಲಸ ಅದು. ನೀನು ಗಾಜು ಒರೆಸಿದೆ. ಹಾಳೆ ಮಗುಚಿ ನೋಡಿದೆ. ಮುಂದಿಂದ ನುಣ್ಣಗಿದ್ದ ಆನೆ ಹಿಂದಿಂದ ಒರಟೊರಟು, ಬಣ್ಣ ಗೆರೆ ಮೇಲೆಲ್ಲ ಮೆತ್ತಿತ್ತು. ಕೊಳೆ ಅಂದ್ಕೊಂಡು ಒದ್ದೆ ಬಟ್ಟೇಲಿ ಉಜ್ಜಿದೆ. ಅದು ಬಣ್ಣ ಅಂತ ಫ್ರೇಮಿನವನಿಗೂ ಗೊತ್ತು, ನಿನ್ನ ಹೆಂಡತಿಗೂ ಗೊತ್ತು. ಗೊತ್ತಿಲ್ಲದೋನು ಈ ಮನೇಲಿ ನೀನೊಬ್ಬನೇ."

"ದೊಡ್ಡಮ್ಮ ಬರ್ತಾರೆ, ಲಕಲಕ ಅನ್ನಲಿ ಅಂತ..." ಮಗ ಮಂಚದ ಕೆಳಗಿಂದ ಹಾಳೆ ತೆಗೆದ. ಅದರಲ್ಲಿ ಆನೆಯ ಗೆರೆಗಳಷ್ಟೇ ಉಳಿದಿದ್ದವು.

"ರೀ, ನಿಮ್ಮ ಬಾಯಲ್ಲಿ ಒಂದು ಹಲ್ಲೂ ಬಿಡಲ್ಲ!" ಎಂದಳು ಸೊಸೆ.

*

ಸಂಜೆ ದೊಡ್ಡಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಗೆರೆ ಹಾಗೇ ಇದೆಯಲ್ಲ! ಆ ನೀಲಿ ನನಗೆ ಒಂಚೂರೂ ಇಷ್ಟ ಇರ್ಲಿಲ್ಲ ಕಣೇ. ಮೇಲಿನವರು ಹೇಳಿದ್ದು, ನಾವು ಬಳಿದದ್ದು. ಬಣ್ಣ ಇದೆಯಾ?"

"ಓಡೋ, ತಗೊಂಡು ಬಾ," ಎಂದರು ಅತ್ತೆ ಮಗನಿಗೆ. "ಇದೇ ನಿನಗೆ ಶಿಕ್ಷೆ."

ಅವನು ಅಂಗಡಿಯ ಬಣ್ಣವನ್ನೆಲ್ಲ ಹೊತ್ತು ತಂದ. ದೊಡ್ಡಮ್ಮ ಹಾಳೆ ಮಗುಚಿ ಹಳದಿಯಲ್ಲಿ ಬ್ರಶ್ ಅದ್ದಿದರು. ಸೊಸೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

"ಒಣಗೋವರೆಗೂ ಅಳಿಯಂದಿರ ಕೈ ಕಟ್ಟಿಹಾಕಿ," ಎಂದರು ದೊಡ್ಡಮ್ಮ. "ಎಷ್ಟು ಸಾವಿರ ಚಿತ್ರಕ್ಕೆ ಬಣ್ಣ ತುಂಬಿದೆನೋ! ನನ್ನ ಇಷ್ಟದ್ದು ಇದೇ ಮೊದಲು."